ಬ್ಯಾಟರಿ ತುಂಬಿತ್ತು, ಫ್ರಿಜ್‌ಗೆ ವೋಲ್ಟೇಜ್ ತಲುಪುತ್ತಿರಲಿಲ್ಲ: ಪುಣೆಯ ಒಂದು ಗಾಡಿಯ ಪ್ರಕರಣ

ಇದು ಪುಣೆಯ ಒಂದು ಕನ್ನಡ ಕುಟುಂಬದ ಗಾಡಿಯಲ್ಲಿ ನಡೆದದ್ದು. ಅವರನ್ನು ಕೇಳಿಯೇ ಬರೆಯುತ್ತಿದ್ದೇನೆ. ಹೆಸರು, ಏರಿಯಾ, ಗಾಡಿ ಮಾಡೆಲ್, ಫ್ರಿಜ್ ಕಂಪನಿ ಯಾವುದನ್ನೂ ಹಾಕಿಲ್ಲ. ಗಾಡಿ ವಯರಿಂಗ್ ನನ್ನ ಕೆಲಸ. ಕಾರಿನಲ್ಲಿ ಫ್ರಿಜ್ ಇಟ್ಟುಕೊಂಡು ನನ್ನ ಹತ್ತಿರ ಬರುವವರಲ್ಲಿ ಬಹಳ ಜನ ಅಷ್ಟರಲ್ಲಿ ಒಂದು ಹೊಸ ಬ್ಯಾಟರಿ ಹಾಕಿಸಿಕೊಂಡೇ ಬಂದಿರುತ್ತಾರೆ. ಅದಕ್ಕೇ ಇದನ್ನು ಮೊದಲಿನಿಂದ ಕೊನೆಯವರೆಗೂ ಬಿಡಿಸಿ ಬರೆಯೋಣ ಅನ್ನಿಸಿತು.

ಮಾಲೀಕರನ್ನು ಕಾಕಾ ಅಂತ ಕರೆಯುತ್ತೇನೆ, ಎದುರಿಗೆ ಕರೆಯುವುದೂ ಹಾಗೇ. ಧಾರವಾಡದ ಕಡೆಯವರು. ಕೆಲಸಕ್ಕೆ ಬಂದು ಪುಣೆಯಲ್ಲೇ ನಿಂತರು. ರಿಟೈರ್ ಆದ ಮೇಲೆ ಕಾಕಾ, ಅವರ ಹೆಂಡತಿ ಕಾಕು ಇಬ್ಬರೂ ಡೀಸೆಲ್ ಎಸ್‌ಯುವಿಯಲ್ಲಿ ಟೆಂಟ್ ಹಾಕಿಕೊಂಡು ತಿರುಗುತ್ತಾರೆ. ಪವನಾ ಹಿನ್ನೀರಿನ ದಂಡೆ, ತಾಮ್ಹಿಣಿ ಘಾಟ್, ಗುಹಾಗರ್, ತಾರ್ಕರ್ಲಿ. ಊರಿಗೆ ಹೋದಾಗ ಬೆಳಗಾವಿಯಿಂದ ಚೋರ್ಲಾ ಘಾಟ್ ಇಳಿದು ಗೋವಾ. ಕಾಕುಗೆ ಶುಗರ್ ಇದೆ, ಇನ್ಸುಲಿನ್ ತಗೋತಾರೆ. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿಯಲ್ಲಿ ಇರಬೇಕು. ಫ್ರಿಜ್ ಕೊಂಡದ್ದೇ ಅದಕ್ಕಾಗಿ. ಹಾಲು, ಮೊಸರು, ಕೊತ್ತಂಬರಿ ಎಲ್ಲ ಆಮೇಲೆ ಸೇರಿಕೊಂಡವು.

ಫ್ರಿಜ್ 40 ಲೀಟರಿನದು, ಕಂಪ್ರೆಸರ್ ಇರುವಂಥದ್ದು. ಇದನ್ನು ಹೇಳಲೇಬೇಕು, ಯಾಕಂದ್ರೆ ಕಾರಿಗೆ ಅಂತ ಮಾರುವ ಎಷ್ಟೋ ಡಬ್ಬಗಳು ಬರೀ ಪೆಲ್ಟಿಯರ್ ಕೂಲರ್‌ಗಳು, ಅಂದರೆ ಕಂಪ್ರೆಸರ್ ಇಲ್ಲದೆ ಒಂದು ಎಲೆಕ್ಟ್ರಾನಿಕ್ ಬಿಲ್ಲೆಯಿಂದ ತಂಪು ಮಾಡುವಂಥವು. ಅವು ಹೊರಗಿನ ಸೆಕೆಗಿಂತ 15ರಿಂದ 20 ಡಿಗ್ರಿ ಕಡಿಮೆ ಮಾಡಿದರೆ ಅದೇ ಹೆಚ್ಚು, ಮೇ ತಿಂಗಳಲ್ಲಿ ಇನ್ಸುಲಿನ್‌ಗೆ ಅವನ್ನು ನಂಬುವ ಹಾಗಿಲ್ಲ. ಕಾಕಾ ಸರಿಯಾದ್ದನ್ನೇ ತಂದಿದ್ದರು. ಕಂಪ್ರೆಸರ್ ಓಡುವಾಗ ಅದು ಸುಮಾರು 5 ಆಂಪಿಯರ್ ಎಳೆಯುತ್ತದೆ. ಸದಾ ಓಡುವುದಿಲ್ಲ, ತಂಪಾದ ಮೇಲೆ ನಿಲ್ಲುತ್ತದೆ. ಸೆಕೆಗಾಲದಲ್ಲಿ ಅರ್ಧ ಹೊತ್ತು ಓಡುತ್ತದೆ ಅಂತ ಲೆಕ್ಕ ಹಿಡಿದರೆ ತಪ್ಪಿಲ್ಲ.

ಡಿಕ್ಕಿಯಲ್ಲಿ ಕಂಪನಿಯ ಸಾಕೆಟ್ ಇತ್ತು, ಆದರೆ ಕೀ ತೆಗೆದರೆ ಆಫ್ ಆಗುತ್ತಿತ್ತು. ಅದಕ್ಕೆ ಒಂದು ಆ್ಯಕ್ಸೆಸರಿ ಅಂಗಡಿಯಲ್ಲಿ ಸದಾ ಆನ್ ಇರುವ ಇನ್ನೊಂದು ಸಾಕೆಟ್ ಹಾಕಿಸಿಕೊಂಡರು. ಇಲ್ಲಿಂದ ಕಥೆ ಶುರು.

ತೊಂದರೆ ಏನು

ಗಾಡಿ ಓಡುವಾಗ ಫ್ರಿಜ್ ಚೆನ್ನಾಗಿ ನಡೆಯುತ್ತಿತ್ತು. ಗಾಡಿ ನಿಲ್ಲಿಸಿ ಟೆಂಟ್ ಹಾಕಿ, ಅಡಿಗೆ ಮುಗಿಸಿ ನೋಡುವಷ್ಟರಲ್ಲಿ ಡಿಸ್‌ಪ್ಲೇ ಮೇಲೆ ಇ-1. ಅವರ ಫ್ರಿಜ್‌ನ ಪುಸ್ತಕದ ಪ್ರಕಾರ ಇ-1 ಅಂದರೆ ವೋಲ್ಟೇಜ್ ಕಡಿಮೆ. ಸ್ವಲ್ಪ ಹೊತ್ತಿಗೆ ತಾನೇ ಶುರುವಾಗುತ್ತದೆ, ಮತ್ತೆ ಇ-1, ಮತ್ತೆ ನಿಲ್ಲುತ್ತದೆ. ರಾತ್ರಿಯೆಲ್ಲ ಹೀಗೇ. ಬೆಳಿಗ್ಗೆ ಒಳಗೆ 14, 15 ಡಿಗ್ರಿ. ಹಾಲು ಹುಳಿ ವಾಸನೆ. ಆದರೆ ಗಾಡಿ ಮಾತ್ರ ಒಂದೇ ಸೆಲ್ಫ್‌ಗೆ ಸ್ಟಾರ್ಟ್ ಆಗುತ್ತಿತ್ತು.

ಈ ಕೊನೆಯ ವಾಕ್ಯವನ್ನು ಇನ್ನೊಮ್ಮೆ ಓದಿ. ಫ್ರಿಜ್ ಬ್ಯಾಟರಿ ಇಳಿದಿದೆ ಅನ್ನುತ್ತಿದೆ, ಗಾಡಿ ಇಳಿದಿಲ್ಲ ಅನ್ನುತ್ತಿದೆ. ಇಬ್ಬರಲ್ಲಿ ಒಬ್ಬರು ಸುಳ್ಳು ಹೇಳುತ್ತಿರಬೇಕು ಅಂತ ಎಲ್ಲರೂ ಅಂದುಕೊಂಡರು. ಇಬ್ಬರೂ ನಿಜವನ್ನೇ ಹೇಳುತ್ತಿದ್ದರು.

ನನ್ನ ಹತ್ತಿರ ಬರುವ ಮೊದಲು

ಮೊದಲು ಫ್ರಿಜ್ ಸರ್ವಿಸ್‌ಗೆ ಹೋಯಿತು. ಅಲ್ಲಿ ಮನೆ ಕರೆಂಟಿಗೆ ಅಡಾಪ್ಟರ್ ಹಾಕಿ ಓಡಿಸಿದರು, ಗಡಗಡ ಅಂತ ಮೈನಸ್‌ಗೆ ಇಳಿಯಿತು, ಏನೂ ತೊಂದರೆ ಇಲ್ಲ ಅಂತ ವಾಪಸ್ ಕೊಟ್ಟರು. ಅಳಿಯ ಒಂದು ಪವರ್ ಸ್ಟೇಷನ್, ಅಂದರೆ ಹೊತ್ತೊಯ್ಯುವ ದೊಡ್ಡ ಬ್ಯಾಟರಿ ಪೆಟ್ಟಿಗೆ ತಂದುಕೊಟ್ಟ, ಅದರ 12 ವೋಲ್ಟ್ ಸಾಕೆಟ್‌ಗೆ ಹಾಕಿದರೆ ಬೆಳಗಿನವರೆಗೂ ಇ-1 ಬರಲಿಲ್ಲ. ಇದು ಒಳ್ಳೆಯ ಪರೀಕ್ಷೆ. ಫ್ರಿಜ್ ಸರಿ ಇದೆ, ದೋಷ ಗಾಡಿಯ ಕಡೆ ಇದೆ ಅಂತ ಅದು ಖಚಿತ ಮಾಡಿಕೊಟ್ಟಿತು. ಆದರೆ ಗಾಡಿಯ ಕಡೆ ಅಂದ ಕೂಡಲೇ ಎಲ್ಲರಿಗೂ ಬ್ಯಾಟರಿಯೇ ಕಣ್ಣಿಗೆ ಬಿತ್ತು. ಬ್ಯಾಟರಿಗೂ ಫ್ರಿಜ್‌ಗೂ ನಡುವೆ ಇರುವುದನ್ನು ಯಾರೂ ನೋಡಲಿಲ್ಲ.

ಹೊಸ ಬ್ಯಾಟರಿ ಬಂತು, 65 ಎಎಚ್ (ಆಂಪಿಯರ್-ಅವರ್, ಬ್ಯಾಟರಿ ಎಷ್ಟು ಹಿಡಿಯುತ್ತದೆ ಅನ್ನುವ ಅಳತೆ). ಹಳೆಯದಕ್ಕಿಂತ ಫ್ರಿಜ್ ಸ್ವಲ್ಪ ಹೆಚ್ಚು ಹೊತ್ತು ನಡೆಯಿತು, ಆಮೇಲೆ ಅದೇ ಇ-1. ಆ ಸ್ವಲ್ಪ ಹೊತ್ತೇ ದಾರಿ ತಪ್ಪಿಸಿತು. ಸುಧಾರಿಸಿದೆಯಲ್ಲ, ಹಾಗಾದರೆ ದಿಕ್ಕು ಸರಿ ಇದೆ, ಇನ್ನೂ ದೊಡ್ಡ ಬ್ಯಾಟರಿ ಬೇಕೇನೋ ಅನ್ನುವ ಮಾತು ಶುರುವಾಯಿತು.

ಈ ನಡುವೆ ಕಾಕಾ ತಮ್ಮದೇ ಒಂದು ಉಪಾಯ ಮಾಡಿದರು. ಹಗಲು ಗಾಡಿ ಓಡುವಾಗ ಫ್ರಿಜ್ಜನ್ನು ಮೈನಸ್ 3ಕ್ಕೆ ಇಟ್ಟರೆ ರಾತ್ರಿ ನಿಂತರೂ ತಂಪು ಉಳಿಯುತ್ತದೆ ಅಂತ. ಹಾಲಿಗೆ, ನೀರಿಗೆ ಇದು ಒಳ್ಳೆಯ ಉಪಾಯವೇ. ಆದರೆ ಇನ್ಸುಲಿನ್ ಪೆನ್ ತಳದಲ್ಲಿ, ಲೋಹದ ಗೋಡೆಗೆ ತಾಗಿಕೊಂಡು ಬಿದ್ದಿತ್ತು. ಕಾಕು ತೆಗೆದು ನೋಡಿದಾಗ ಒಳಗೆ ಹೆಪ್ಪುಗಟ್ಟಿತ್ತು. ಒಮ್ಮೆ ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸಬಾರದು. ಕಾಕುಗೆ ಅದು ಗೊತ್ತಿತ್ತು, ಎಸೆದರು. ಇಡೀ ಪ್ರಕರಣದಲ್ಲಿ ನನಗೆ ನಿಜವಾಗಿ ಹೆದರಿಕೆ ತಂದ ಸಂಗತಿ ಇದು. ಕರಗಿದ ಮೇಲೆ ನೋಡಿದ್ದರೆ ಏನೂ ಗೊತ್ತಾಗದೆ ಹೋಗಬಹುದಿತ್ತು.

ಕೊನೆಗೆ ಯಾರೋ ಹೇಳಿದರು, ಫ್ರಿಜ್‌ನ ಬ್ಯಾಟರಿ ಪ್ರೊಟೆಕ್ಷನ್ ಹೈನಲ್ಲಿದೆ, ಲೋಗೆ ಹಾಕಿ ಅಂತ. ವೋಲ್ಟೇಜ್ ಇಳಿದರೆ ಬ್ಯಾಟರಿ ಖಾಲಿಯಾಗದಿರಲಿ ಅಂತ ಫ್ರಿಜ್ ತಾನೇ ನಿಲ್ಲುವ ವ್ಯವಸ್ಥೆ ಅದು. ಇಂಥ ಫ್ರಿಜ್‌ಗಳಲ್ಲಿ ಹೈ, ಮೀಡಿಯಂ, ಲೋ ಅಂತ ಮೂರು ಮಟ್ಟ ಇರುತ್ತವೆ. ಇವರದರಲ್ಲಿ ಹೈ ಅಂದರೆ 11.1 ವೋಲ್ಟ್‌ಗೆ ನಿಲ್ಲುತ್ತದೆ, ಲೋ ಅಂದರೆ 8.5ರವರೆಗೂ ಎಳೆಯುತ್ತದೆ. ಲೋಗೆ ಹಾಕಿದರು. ಇ-1 ಮಾಯ! ಎಲ್ಲರಿಗೂ ಸಮಾಧಾನ. ಗುಹಾಗರ್‌ಗೆ ಹೋದರು, ಮಧ್ಯಾಹ್ನ ಗಾಡಿ ನಿಲ್ಲಿಸಿದರು, ಮರುದಿನ ಊಟದ ಹೊತ್ತಿಗೆ ಹೊರಡೋಣ ಅಂದರೆ ಸೆಲ್ಫ್ ಹೊಡೆದಾಗ ಬರೀ ಟಕ್ ಟಕ್. ಹೋಂಸ್ಟೇಯವರ ಜೀಪಿನಿಂದ ಜಂಪ್ ಮಾಡಿಸಿಕೊಂಡು ಬಂದರು.

ಅಲ್ಲಿಂದಲೇ ಫೋನ್. ‘ಏನಪಾ, ಹೊಸಾ ಬ್ಯಾಟರಿ ಹಾಕ್ಸೀನಿ, ಅದೂ ಕೂತ್ಬಿಡ್ತು. ಈ ಫ್ರಿಜ್ ಮಾರಿಬಿಡ್ಲೇನು?’

‘ಈಗ್ಲೇ ಬ್ಯಾಡ ಕಾಕಾ, ಗಾಡಿ ತಗೊಂಡ್ ಬರ್ರಿ. ಫ್ರಿಜ್ ಡಿಕ್ಕಿಯೊಳಗ ಹಂಗ ಇರ್ಲಿ. ಚೀಲಾನೂ ತಗೀಬ್ಯಾಡ್ರಿ.’

ಚೀಲ ತೆಗೆಯಬೇಡಿ ಅಂದದ್ದಕ್ಕೂ ಕಾರಣವಿತ್ತು, ಮುಂದೆ ಹೇಳುತ್ತೇನೆ.

ಮಲ್ಟಿಮೀಟರ್ ಇಟ್ಟಾಗ ಕಂಡದ್ದು

ಮೊದಲು ಪ್ರೊಟೆಕ್ಷನ್ ಮತ್ತೆ ಹೈಗೆ ಹಾಕಿದೆ. ಬ್ಯಾಟರಿಯನ್ನು ಚಾರ್ಜರ್‌ನಲ್ಲಿ ತುಂಬಿಸಿ, ಕೆಲವು ಗಂಟೆ ಸುಮ್ನೆ ಬಿಟ್ಟು ಅಳೆದೆ. 12.6 ವೋಲ್ಟ್. ಸೀಸದ ಬ್ಯಾಟರಿ ತುಂಬಿದಾಗ ಇಷ್ಟೇ ಇರಬೇಕು. 12.2ಕ್ಕೆ ಬಂದರೆ ಅರ್ಧ ಖಾಲಿ, 11.9ರ ಹತ್ತಿರ ಬಂದರೆ ಹೆಚ್ಚುಕಡಿಮೆ ಪೂರ್ತಿ ಖಾಲಿ. ಇವೆಲ್ಲ ಲೋಡ್ ಇಲ್ಲದೆ, ತಣ್ಣಗೆ ಕೂತ ಬ್ಯಾಟರಿಯ ಲೆಕ್ಕ.

ಆಮೇಲೆ ಫ್ರಿಜ್ ಆನ್ ಮಾಡಿ, ಕಂಪ್ರೆಸರ್ ಓಡುತ್ತಿರುವಾಗ ಅಳೆದೆ. ಇಲ್ಲೇ ಎಲ್ಲ ಇರುವುದು. ಅದಕ್ಕೂ ಮುಂಚೆ ಮೀಟರ್ ಹಿಡಿದವರೆಲ್ಲ ಫ್ರಿಜ್ ಆಫ್ ಇದ್ದಾಗ ಅಳೆದಿದ್ದರು. ಕರೆಂಟ್ ಹರಿಯದಿದ್ದರೆ ಎಷ್ಟೇ ಕೆಟ್ಟ ವಯರ್ ಆದರೂ ಆ ತುದಿಯಲ್ಲೂ 12.6 ಅಂತಲೇ ತೋರಿಸುತ್ತದೆ. ಹರಿಯಲು ಶುರುವಾದಾಗ ಮಾತ್ರ ವಯರಿನ ಬಣ್ಣ ಬಯಲಾಗುತ್ತದೆ.

ಬ್ಯಾಟರಿ ಟರ್ಮಿನಲ್ ಮೇಲೆ 12.4. ಫ್ರಿಜ್‌ನ ಹಿಂದೆ, ಅದರ ಕಾರ್ಡ್ ಸೇರುವ ಜಾಗದಲ್ಲಿ 11.0.

ನಡುವೆ 1.4 ವೋಲ್ಟ್ ಕಾಣೆ. ಹೈ ಸೆಟ್ಟಿಂಗ್ 11.1ಕ್ಕೆ ನಿಲ್ಲಿಸಬೇಕು, ನಿಲ್ಲಿಸಿತು. ನಿಂತ ಕೂಡಲೇ ಕರೆಂಟ್ ಹರಿಯುವುದಿಲ್ಲ, ವೋಲ್ಟೇಜ್ ಮತ್ತೆ ಏರುತ್ತದೆ, ಫ್ರಿಜ್ ಮತ್ತೆ ಶುರು ಮಾಡುತ್ತದೆ, ಮತ್ತೆ ಬೀಳುತ್ತದೆ. ರಾತ್ರಿಯಿಡೀ ನಡೆಯುತ್ತಿದ್ದದ್ದು ಇದೇ. ಎಂಜಿನ್ ಓಡುವಾಗ ಆಲ್ಟರ್ನೇಟರ್ (ಎಂಜಿನ್‌ನಿಂದ ತಿರುಗಿ ಕರೆಂಟ್ ಮಾಡುವ ಯಂತ್ರ) 14ರ ಮೇಲೆ ಕೊಡುತ್ತದೆ, 1.4 ಹೋದರೂ 12.6 ಉಳಿಯುತ್ತದೆ, ಅದಕ್ಕೇ ಹೈವೇಯಲ್ಲಿ ತೊಂದರೆ ಕಾಣಲಿಲ್ಲ. ಹೊಸ ಬ್ಯಾಟರಿ ಸ್ವಲ್ಪ ಹೆಚ್ಚು ವೋಲ್ಟೇಜ್ ಹಿಡಿದುಕೊಂಡಿದ್ದಕ್ಕೆ ಸ್ವಲ್ಪ ಹೆಚ್ಚು ಹೊತ್ತು ನಡೆಯಿತು, ಅಷ್ಟೇ.

ಈ 1.4 ಎಲ್ಲಿ ಹೋಗುತ್ತಿದೆ ಅಂತ ತುಂಡು ತುಂಡಾಗಿ ಹುಡುಕಬಹುದು. ಮೀಟರಿನ ಒಂದು ಕಡ್ಡಿ ಬ್ಯಾಟರಿ ನೆಗೆಟಿವ್ ಮೇಲೆ, ಇನ್ನೊಂದು ಡಿಕ್ಕಿಯ ಸಾಕೆಟ್‌ನ ನೆಗೆಟಿವ್ ಮೇಲೆ, ಫ್ರಿಜ್ ಓಡುತ್ತಿರಬೇಕು. ಸೊನ್ನೆಯ ಹತ್ತಿರ ಇರಬೇಕಾದದ್ದು 0.4 ತೋರಿಸಿತು. ಹಾಗೇ ಪಾಸಿಟಿವ್ ಕಡೆ 0.7. ಉಳಿದ 0.3 ಪ್ಲಗ್ ಮತ್ತು ಫ್ರಿಜ್‌ನದೇ ಕಾರ್ಡ್‌ನಲ್ಲಿ.

ಒಳಗಿನ ಪ್ಲಾಸ್ಟಿಕ್ ಹೊದಿಕೆ (ಟ್ರಿಮ್) ಬಿಚ್ಚಿದೆ. ಅಂಗಡಿಯವರು ಮುಂದಿನ ಲೈಟರ್ ಸಾಕೆಟ್‌ನ ವಯರಿಗೆ ಟ್ಯಾಪ್ ಹೊಡೆದು, ಅಂದರೆ ನಡುವೆ ಕವಲು ತೆಗೆದು, ಅಲ್ಲಿಂದ ಹಿಂದಿನವರೆಗೆ 1 ಸ್ಕ್ವೇರ್ ಎಂಎಂ ದಪ್ಪದ ತೆಳು ವಯರ್ ಎಳೆದಿದ್ದರು. ಮೊಬೈಲ್ ಚಾರ್ಜರ್‌ಗೆ ಅದು ಧಾರಾಳ. ತಾಮ್ರದ 1 ಸ್ಕ್ವೇರ್ ಎಂಎಂ ವಯರಿನ ತಡೆ ಒಂದು ಮೀಟರ್ ಉದ್ದಕ್ಕೆ ಸುಮಾರು 0.0175 ಓಮ್. ಮುಂದಿನ ಫ್ಯೂಸ್ ಬಾಕ್ಸ್ ಸುತ್ತಿ ಬರುವ ದಾರಿಯೆಲ್ಲ ಸೇರಿ 8 ಮೀಟರ್ ಹಿಡಿದರೆ 0.14 ಓಮ್, 5 ಆಂಪಿಯರಿಗೆ 0.7 ವೋಲ್ಟ್. ಮಲ್ಟಿಮೀಟರ್ ತೋರಿಸಿದ್ದೂ ಅದೇ.

ನೆಗೆಟಿವ್ ಕಡೆ ಇನ್ನೊಂದು ಕಥೆ. ವಾಪಸ್ ಬರುವ ವಯರಿನ ಬದಲು ಗಾಡಿಯ ಲೋಹದ ಬಾಡಿಯನ್ನೇ ಬಳಸಲು, ಹಿಂದಿನ ಲೈಟ್ ಹತ್ತಿರ ಅದರೊಳಗೆ ಒಂದು ಸ್ಕ್ರೂ ಹೊಡೆದು ವಯರಿನ ರಿಂಗ್ ಸಿಕ್ಕಿಸಿದ್ದರು. ಬಿಚ್ಚಿ ನೋಡಿದರೆ ರಿಂಗ್ ಅಡಿಯಲ್ಲಿ ಪೇಂಟ್ ಹಾಗೇ ಇತ್ತು, ಕಾರಿನ ಬಣ್ಣ ಪಳಪಳ ಹೊಳೆಯುತ್ತಿತ್ತು. ಲೋಹಕ್ಕೆ ತಾಗುತ್ತಿದ್ದದ್ದು ಸ್ಕ್ರೂವಿನ ಎಳೆಗಳು ಮಾತ್ರ. ಕರಾವಳಿಯ ಉಪ್ಪು ಗಾಳಿಗೆ ಅವೂ ಕೆಂಪಾಗಿದ್ದವು.

ಪ್ಲಗ್ ತುದಿಯ ಪಿನ್ ಕಪ್ಪಾಗಿತ್ತು. ಒಳಗಿನ ಸ್ಪ್ರಿಂಗ್ ಬಿಸಿ ತಿಂದು ನೀಲಿ ಬಣ್ಣಕ್ಕೆ ತಿರುಗಿ ಸಡಿಲವಾಗಿತ್ತು, ಪಿನ್ ಒತ್ತಿದರೆ ವಾಪಸ್ ಬರುತ್ತಲೇ ಇರಲಿಲ್ಲ. ಸುತ್ತಲಿನ ಪ್ಲಾಸ್ಟಿಕ್ ಸ್ವಲ್ಪ ಕರಗಿತ್ತು. ಈ ಲೈಟರ್ ಪ್ಲಗ್ ಸಿಗರೇಟ್ ಹೊತ್ತಿಸಲು ಹುಟ್ಟಿದ್ದು, ಕೆಲವು ಸೆಕೆಂಡಿನ ಕೆಲಸಕ್ಕೆ. ಘಾಟ್ ರಸ್ತೆಯಲ್ಲಿ ಅಲುಗಾಡುತ್ತಾ ಗಂಟೆಗಟ್ಟಲೆ 5 ಆಂಪಿಯರ್ ಹೊರುವ ಕೆಲಸ ಅದಕ್ಕೆ ಕೊಡಬಾರದು. ಕರಗಿದ ಪ್ಲಾಸ್ಟಿಕ್ ಕಾಕುಗೆ ತೋರಿಸಿದೆ. ‘ಇದರ ಪಕ್ಕಾನೇ ಗ್ಯಾಸ್ ಸ್ಟೋವ್ ಚೀಲ ಇಡ್ತಿದ್ವಿ’ ಅಂದರು. ಫ್ರಿಜ್ ತಂಪಾಗಲಿಲ್ಲ ಅನ್ನುವುದಕ್ಕಿಂತ ಇದು ದೊಡ್ಡ ವಿಷಯ.

ವಯರ್ ಬದಲಾಯಿತು, ಇನ್ನೊಂದು ಗಂಟು ಬಿತ್ತು

ಕಾಕಾ ಜೊತೆ ಬುಧವಾರ ಪೇಟೆಯ ತಾಪಕೀರ್ ಗಲ್ಲಿಗೆ ಹೋಗಿ ಸಾಮಾನು ತಂದೆವು. 6 ಸ್ಕ್ವೇರ್ ಎಂಎಂ ತಾಮ್ರದ ಕೇಬಲ್, ಕೆಂಪು ಮತ್ತು ಕಪ್ಪು ಎರಡೂ. ನೆಗೆಟಿವ್ ಕೂಡ ನೇರ ಬ್ಯಾಟರಿಯಿಂದಲೇ ಎಳೆದೆ, ಬಾಡಿಯನ್ನು ನಂಬಲಿಲ್ಲ. ಪಾಸಿಟಿವ್‌ನಲ್ಲಿ ಬ್ಯಾಟರಿಯಿಂದ ಒಂದು ಗೇಣಿನೊಳಗೆ 15 ಆಂಪಿಯರ್ ಫ್ಯೂಸ್. ಫ್ಯೂಸ್ ಇರುವುದು ಕೇಬಲ್ ಕಾಪಾಡಲು. ಡಿಕ್ಕಿಯಲ್ಲಿ ಫ್ಯೂಸ್ ಹಾಕಿದರೆ ಬಾನೆಟ್‌ನಿಂದ ಅಲ್ಲಿಯವರೆಗಿನ ಇಡೀ ಕೇಬಲ್ ಬೆತ್ತಲೆ ಇದ್ದ ಹಾಗೆ, ಎಲ್ಲಾದರೂ ಉಜ್ಜಿ ಬಾಡಿಯ ಲೋಹಕ್ಕೆ ತಾಗಿದರೆ ಬೆಂಕಿಯೇ. ಎಂಜಿನ್‌ಗೂ ಒಳಗಿನ ಕ್ಯಾಬಿನ್‌ಗೂ ನಡುವಿನ ತಗಡು (ಫೈರ್‌ವಾಲ್) ದಾಟುವಲ್ಲಿ ರಬ್ಬರ್ ಗ್ರೊಮೆಟ್, ಅಂದರೆ ಕೇಬಲ್ ಉಜ್ಜದಂತೆ ಕಾಯುವ ಬಳೆ, ಉದ್ದಕ್ಕೂ ಸುರುಳಿ ಕೊಳವೆ. ಹಿಂದೆ ಲೈಟರ್ ಸಾಕೆಟ್ ಬದಲು ಆ್ಯಂಡರ್ಸನ್ ಕನೆಕ್ಟರ್, ಹೆಚ್ಚು ಕರೆಂಟನ್ನು ಬಿಗಿಯಾಗಿ ಹಿಡಿದು ಹೊರುವ ಜೋಡಣೆ. ಎಲ್ಲ ಸೇರಿ ಖರ್ಚು ಆ ಹೊಸ ಬ್ಯಾಟರಿಯ ಬೆಲೆಗಿಂತ ಕಡಿಮೆಯೇ ಆಯಿತು.

ಮತ್ತೆ ಅಳೆದೆ. ಬ್ಯಾಟರಿಯಲ್ಲಿ 12.4, ಫ್ರಿಜ್ ಹತ್ತಿರ 12.2. ಇ-1 ಇಲ್ಲ.

ಕೆಲಸ ಮುಗಿಯಿತು ಅಂತ ಕಳಿಸಿಬಿಡಬಹುದಿತ್ತು. ಆದರೆ ಗುಹಾಗರ್‌ನ ಟಕ್ ಟಕ್ ನನ್ನ ತಲೆಯಲ್ಲಿತ್ತು. ಪ್ರವಾಸದಲ್ಲಿ ಗೊತ್ತಾಗುವ ಬದಲು ಸೊಸೈಟಿ ಪಾರ್ಕಿಂಗ್‌ನಲ್ಲೇ ಗೊತ್ತಾಗಲಿ ಅಂತ ಸಂಜೆ 6ಕ್ಕೆ ಫ್ರಿಜ್ ತುಂಬಿಸಿ, ಹೈನಲ್ಲೇ ಇಟ್ಟು, ಗಾಡಿ ಮುಟ್ಟದೆ ಬಿಟ್ಟೆವು. ಬೆಳಿಗ್ಗೆ 8ಕ್ಕೆ ಫ್ರಿಜ್ 4 ಡಿಗ್ರಿಯಲ್ಲಿ ಆರಾಮಾಗಿ ಓಡುತ್ತಿತ್ತು. ಬ್ಯಾಟರಿ 12.0ಕ್ಕೆ ಇಳಿದಿತ್ತು, ಸೆಲ್ಫ್ ಎಳೆದೂ ಎಳೆದೂ ಸ್ಟಾರ್ಟ್ ಆಯಿತು. ಇನ್ನೊಂದೆರಡು ಗಂಟೆ ಬಿಟ್ಟಿದ್ದರೆ ಆಗುತ್ತಿರಲಿಲ್ಲ.

ನನ್ನ ಪ್ರಕಾರ ಈ ಪ್ರಕರಣದ ತಿರುವು ಇದು. ಹಳೆಯ ಕೆಟ್ಟ ವಯರ್ ತನಗೇ ಗೊತ್ತಿಲ್ಲದೆ ಗಾಡಿಯ ಬ್ಯಾಟರಿಯನ್ನು ಕಾಯುತ್ತಿತ್ತು. 1.4 ವೋಲ್ಟ್ ನುಂಗಿ, ಬ್ಯಾಟರಿ ಇನ್ನೂ ತುಂಬಿರುವಾಗಲೇ ಫ್ರಿಜ್ ನಿಲ್ಲಿಸುತ್ತಿತ್ತು. ವಯರ್ ಸರಿಯಾದ ಮೇಲೆ 11.1 ಅಂದರೆ ನಿಜವಾಗಿ ಬ್ಯಾಟರಿಯ 11.1ರ ಹತ್ತಿರ. ಬರೀ 5 ಆಂಪಿಯರ್ ಲೋಡಿಗೆ ಬ್ಯಾಟರಿ 11.1ಕ್ಕೆ ಬಂದಿದೆ ಅಂದರೆ ಅದರಲ್ಲಿ ಏನೂ ಉಳಿದಿಲ್ಲ, ಡೀಸೆಲ್ ಎಂಜಿನ್ ತಿರುಗಿಸುವ ಮಾತಂತೂ ಇಲ್ಲ. ಹೈ ಪ್ರೊಟೆಕ್ಷನ್ ಇದೆಯಲ್ಲ ಅಂತ ನಿಶ್ಚಿಂತೆಯಿಂದ ಮಲಗುವವರು ಇದನ್ನು ದಯವಿಟ್ಟು ಗಮನಿಸಿ. ಮೇಲಾಗಿ ಸೆಲ್ಫ್‌ಗೆ ಅಂತ ಮಾಡಿದ ಬ್ಯಾಟರಿ ಒಮ್ಮೆಲೇ ಜೋರಾಗಿ ಕೊಟ್ಟು ಕೂಡಲೇ ತುಂಬಿಕೊಳ್ಳುವಂಥದ್ದು. ಮತ್ತೆ ಮತ್ತೆ ಆಳಕ್ಕೆ ಇಳಿಸಿದರೆ ಅದರ ಆಯುಸ್ಸು ಬೇಗ ಮುಗಿಯುತ್ತದೆ.

ಕಾಕಾ ಮುಂದೆ ಎರಡು ದಾರಿ ಇಟ್ಟೆ. ಒಂದು, ಖರ್ಚಿಲ್ಲದ್ದು: ಒಂದು ರಾತ್ರಿಗಿಂತ ಹೆಚ್ಚು ನಿಲ್ಲುವುದಿಲ್ಲ, ಮಲಗುವ ಮುಂಚೆ ಬ್ಯಾಟರಿ ನೋಡಿ 12.3ಕ್ಕಿಂತ ಕೆಳಗಿದ್ದರೆ ಫ್ರಿಜ್ ಆಫ್. ಎರಡು, ಫ್ರಿಜ್‌ಗೇ ಬೇರೆ ಬ್ಯಾಟರಿ. ಹಾಲು, ಮೀನು ಮಾತ್ರ ಇಟ್ಟುಕೊಳ್ಳುವವರಿಗೆ ಮೊದಲನೆಯದೇ ಸಾಕು ಅನ್ನುತ್ತಿದ್ದೆ. ಕಾಕುಗಾಗಿ ಎರಡನೆಯದನ್ನು ಆರಿಸಿದೆವು.

50 ಎಎಚ್ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಡಿಕ್ಕಿಯಲ್ಲಿ ಕೂತಿತು. ಸರಾಸರಿ 2ರಿಂದ 2.5 ಆಂಪಿಯರ್ ಲೆಕ್ಕಕ್ಕೆ ಅದು 20 ಗಂಟೆ ದಾಟಿಸುತ್ತದೆ. ಅದನ್ನು ಆಲ್ಟರ್ನೇಟರ್‌ಗೆ ನೇರ ಜೋಡಿಸಬಾರದು, ಲಿಥಿಯಂ ಸಿಕ್ಕಷ್ಟೂ ಕರೆಂಟ್ ಎಳೆದು ಕೇಬಲ್ಲನ್ನೂ ಆಲ್ಟರ್ನೇಟರನ್ನೂ ಬಿಸಿ ಮಾಡುತ್ತದೆ. ನಡುವೆ ಕರೆಂಟನ್ನು ಮಿತಿಯಲ್ಲಿಟ್ಟು ತುಂಬಿಸುವ ಡಿಸಿ-ಡಿಸಿ ಚಾರ್ಜರ್ ಬೇಕು. ಅಂಗಡಿಯವರು 20 ಆಂಪಿಯರಿನದನ್ನು ಮುಂದಿಟ್ಟರು. ಅದು 20 ಕೊಡಬೇಕಾದರೆ 25ರ ಮೇಲೆ ಎಳೆಯುತ್ತದೆ, ನಾವು ಹಾಕಿದ ಕೇಬಲ್ ಆಗ ಚಿಕ್ಕದಾಗುತ್ತಿತ್ತು. 10 ಆಂಪಿಯರಿನದೇ ತಗೊಂಡೆವು, ಮುಂದಿನ ಫ್ಯೂಸ್ 20ಕ್ಕೆ ಬದಲಿಸಿದೆ, ಎಂಜಿನ್ ಆನ್ ಇದ್ದಾಗ ಮಾತ್ರ ಚಾರ್ಜ್ ಆಗುವ ಹಾಗೆ ಇಗ್ನಿಷನ್ ವಯರ್ ಕೊಟ್ಟೆ. ಪುಣೆಯಿಂದ ಕೊಲ್ಹಾಪುರ ಮುಟ್ಟುವಷ್ಟರಲ್ಲಿ, ಫ್ರಿಜ್ ತಿಂದದ್ದು ಕಳೆದರೂ ಬ್ಯಾಟರಿ ಬಹುಪಾಲು ತುಂಬುತ್ತದೆ.

ಚೀಲದ ವಿಷಯ. ಫ್ರಿಜ್‌ನ ಒಂದು ಬದಿಯಲ್ಲಿ ಗಾಳಿ ಹೊರಹೋಗುವ ಜಾಲರಿ ಇದೆ, ಅದಕ್ಕೆ ಒತ್ತಿಕೊಂಡೇ ಮಲಗುವ ಚೀಲ, ಟೆಂಟು ಎಲ್ಲ ತುರುಕಿದ್ದರು. ಬಿಸಿ ಗಾಳಿ ಹೊರಗೆ ಹೋಗದಿದ್ದರೆ ಕಂಪ್ರೆಸರ್ ನಿಲ್ಲುವುದೇ ಇಲ್ಲ. ಒಂದು ಹಲಗೆ ಅಡ್ಡ ಹಾಕಿ ಒಂದು ಗೇಣು ಜಾಗ ಬಿಡಿಸಿದೆ. ಹೊರಡುವ ಹಿಂದಿನ ರಾತ್ರಿ ಮನೆ ಕರೆಂಟಿನಲ್ಲಿ ಫ್ರಿಜ್ ತಂಪು ಮಾಡಿ, ತಂಪಾದ ಸಾಮಾನನ್ನೇ ತುಂಬಬೇಕು, ಗಾಡಿ ನೆರಳಲ್ಲಿ ನಿಲ್ಲಿಸಬೇಕು ಅಂತ ಕಾಕು ಪಟ್ಟಿ ಮಾಡಿಟ್ಟುಕೊಂಡಿದ್ದಾರೆ. ಇವಕ್ಕೆ ಕಾಸು ಖರ್ಚಿಲ್ಲ, ಬ್ಯಾಟರಿ ಮಾತ್ರ ಗಂಟೆಗಟ್ಟಲೆ ಜಾಸ್ತಿ ಬರುತ್ತದೆ.

ಇನ್ಸುಲಿನ್ ಈಗ ಮೇಲಿನ ಬುಟ್ಟಿಯಲ್ಲಿ, ಬಟ್ಟೆ ಸುತ್ತಿದ ಪ್ಲಾಸ್ಟಿಕ್ ಡಬ್ಬಿಯಲ್ಲಿ, ಗೋಡೆಗೆ ತಾಗದ ಹಾಗೆ. ಫ್ರಿಜ್ 5 ಡಿಗ್ರಿಯಲ್ಲಿ, ಮೈನಸ್ ಆಟ ಇಲ್ಲ. ಡಬ್ಬಿಯೊಳಗೆ ಅತಿ ಕಡಿಮೆ, ಅತಿ ಹೆಚ್ಚು ಎರಡನ್ನೂ ನೆನಪಿಡುವ ಸಣ್ಣ ಥರ್ಮಾಮೀಟರ್. ಫ್ರಿಜ್‌ನ ಡಿಸ್‌ಪ್ಲೇ ತನ್ನ ಸೆನ್ಸರ್ ಇರುವ ಜಾಗದ್ದನ್ನು ಹೇಳುತ್ತದೆ, ಪೆನ್ ಇರುವ ಜಾಗದ್ದನ್ನಲ್ಲ. ಬಳಕೆಯಲ್ಲಿರುವ ಪೆನ್ ಹೊರಗೇ ಇರುತ್ತದೆ. ಸಾಮಾನ್ಯವಾಗಿ ತೆರೆದ ಪೆನ್ ಸುಮಾರು 4 ವಾರ ತಡೆಯುತ್ತದೆ, ಆದರೆ 30 ಡಿಗ್ರಿ ದಾಟಬಾರದು. ನಿಮ್ಮ ಪ್ಯಾಕೆಟ್ ಮೇಲೆ ಏನಿದೆಯೋ ಅದನ್ನೇ ನಂಬಿ. ಇನ್ಸುಲಿನ್ ತಂಪಾಗಿಡಲು ನೀರಲ್ಲಿ ನೆನೆಸಿಡುವ ಸಣ್ಣ ಚೀಲಗಳು ಧಾರವಾಡದ ಒಣ ಬೇಸಿಗೆಯಲ್ಲಿ ಚೆನ್ನಾಗಿ ನಡೆಯುತ್ತವೆ, ಕೊಂಕಣದ ಜಿಗುಟು ಹವೆಯಲ್ಲಿ ನೀರು ಆರುವುದೇ ಇಲ್ಲ, ತಂಪೂ ಕಡಿಮೆ.

ಆಮೇಲೆ

ಚೋರ್ಲಾ ಇಳಿದು ಗೋವಾಗೆ ಹೋಗಿ ಬಂದರು, ದಕ್ಷಿಣದ ಅಗೋಂದ ಬೀಚ್ ಹತ್ತಿರ ಗಾಡಿ ಎರಡು ರಾತ್ರಿ ಅಲುಗಾಡದೆ ನಿಂತಿತ್ತು. ಎರಡನೇ ದಿನ ಲಿಥಿಯಂ ಇಳಿಯುತ್ತಾ ಬಂದಾಗ ಕಾಕಾ ಮಡಗಾಂವ್‌ವರೆಗೆ ಸುಮ್ನೆ ಓಡಿಸೋಣ ಅಂದುಕೊಂಡರಂತೆ. ಅದರ ಬದಲು ಹೋಂಸ್ಟೇಯ ಪ್ಲಗ್‌ನಲ್ಲಿ ಲಿಥಿಯಂ ಚಾರ್ಜರ್ ಹಾಕಿ ತುಂಬಿಸಿಕೊಂಡರು. ಡೀಸೆಲ್ ಸುಟ್ಟು ಚಾರ್ಜ್ ಮಾಡುವುದಕ್ಕಿಂತ ಅದೇ ಸರಿ. ಥರ್ಮಾಮೀಟರ್‌ನಲ್ಲಿ ಕಡಿಮೆ 3, ಹೆಚ್ಚು 7. ಗಾಡಿ ಒಂದೇ ಸೆಲ್ಫ್‌ಗೆ ಎದ್ದಿತು.

ನೀವೇ ನೋಡಿಕೊಳ್ಳಬೇಕು ಅಂದರೆ ಒಂದು ಸಾಧಾರಣ ಮಲ್ಟಿಮೀಟರ್ ಸಾಕು. ಎಂಜಿನ್ ಆಫ್, ಕಂಪ್ರೆಸರ್ ಓಡುತ್ತಿರಬೇಕು. ಬ್ಯಾಟರಿ ಮೇಲೆ ಒಂದು, ಫ್ರಿಜ್ ತುದಿಯಲ್ಲಿ ಒಂದು ಓದು ತಗೊಳ್ಳಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬ್ಯಾಟರಿ ಅಂಗಡಿಗೆ ಹೋಗಬೇಡಿ, ವಯರ್ ಹಿಂಬಾಲಿಸಿ. ವ್ಯತ್ಯಾಸ ಇಲ್ಲದೆಯೂ ಇ-1 ಬಂದರೆ ಆಗ ಬ್ಯಾಟರಿ ಪರೀಕ್ಷೆ ಮಾಡಿಸಿ. ಪ್ಲಗ್ ಮುಟ್ಟಿ ನೋಡುವುದನ್ನು ಮರೆಯಬೇಡಿ. ಕೈ ಇಡಲಾಗದಷ್ಟು ಬಿಸಿ ಇದ್ದರೆ ಆ ಕ್ಷಣವೇ ಕಿತ್ತುಬಿಡಿ.

ಈಗ ಕಾಕಾ ಅವರ ಷಡ್ಡಕರೂ ಅಂಥದೇ ಫ್ರಿಜ್ ತಂದಿದ್ದಾರೆ. ಅವರದು ಹೊಸ ಪೆಟ್ರೋಲ್ ಗಾಡಿ, ಅದರ ಆಲ್ಟರ್ನೇಟರ್ ಇಂಧನ ಉಳಿಸಲು ಹೈವೇಯಲ್ಲಿ ವೋಲ್ಟೇಜನ್ನು 12.6ರವರೆಗೂ ಇಳಿಸುತ್ತದೆ. ಹಾಗಾಗಿ ಅವರಿಗೆ ಗಾಡಿ ಓಡುವಾಗಲೂ ಇ-1. ಬ್ಯಾಟರಿ ಬದಲಿಸುವ ಮುಂಚೆ ತಂದಿದ್ದಾರೆ, ಕಾಕಾನೇ ಮೀಟರ್ ಹಿಡಿದು ಎರಡೂ ಓದು ಬರೆದುಕೊಂಡು ಬಂದಿದ್ದರು: ಮುಂದೆ 12.6, ಹಿಂದೆ 11.0.